ಕ್ಲಸ್ಟರ್ ಕೊಳ್ಳುವ ಮುನ್ನ: ಸಂದೇಶ ರವಾನೆಯ ಗಣಕಗಳಲ್ಲಿ ನಿಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ?

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ದೊಡ್ಡ ಗಣಕಗಳ ಮೇಲೆ ಲೆಕ್ಕ ಓಡಿಸುವುದನ್ನೇ ಕಸುಬಾಗಿಸಿಕೊಂಡವರು ಬಹಳ ಮಂದಿ ಇದ್ದಾರೆ. ಪಾಷಾಣ್‌ನ ಸಂಶೋಧನಾಲಯಗಳಲ್ಲಿ ಹವಾಮಾನದ ಮಾದರಿಗಳ ಜೊತೆ ಗುದ್ದಾಡುವ ವಿದ್ಯಾರ್ಥಿಗಳು, ಚಾಕಣ ಮತ್ತು ಭೋಸರಿಯ ವಾಹನ ಬಿಡಿಭಾಗಗಳ ಕಂಪನಿಗಳಲ್ಲಿ ಗಾಳಿಯ ಹರಿವನ್ನು ಲೆಕ್ಕ ಹಾಕುವ ಎಂಜಿನಿಯರುಗಳು, ಕಾಲೇಜಿನ ಪ್ರಯೋಗಾಲಯಕ್ಕೆ ಬಂದ ಅನುದಾನವನ್ನು ಮಾರ್ಚ್ ಒಳಗೆ ಖರ್ಚು ಮಾಡಬೇಕಾದ ಮೇಷ್ಟರು. ಹೊಸ ಯಂತ್ರ ಕೊಳ್ಳಲು ಹೊರಟ ಇವರೆಲ್ಲರೂ ನನ್ನ ಮುಂದಿಡುವ ಮೊದಲ ಪ್ರಶ್ನೆ ಒಂದೇ: ಯಾವ ಪ್ರೊಸೆಸರ್ ಒಳ್ಳೆಯದು? ಅದಕ್ಕೆ ಉತ್ತರ ಹೇಳುವ ಮೊದಲು ನಾನು ಕೇಳುವುದು ಬೇರೆ. ನಿಮ್ಮ ಪ್ರೋಗ್ರಾಂ ಒಂದು ಸೆಕೆಂಡಿಗೆ ಎಷ್ಟು ಸಂದೇಶ ಕಳುಹಿಸುತ್ತದೆ? ಒಂದೊಂದೂ ಎಷ್ಟು ದೊಡ್ಡದು? ಇದು ತಿಳಿಯದೆ ಮಾಡಿದ ಖರೀದಿ ಕುರುಡು ಖರೀದಿ.

ಸಂದೇಶ ರವಾನೆಯ ಸಮಾಂತರ ಗಣಕ, ಅಂದರೆ ಕ್ಲಸ್ಟರ್, ಜಾಲದಿಂದ ಜೋಡಿಸಿದ ಹಲವು ಬಿಡಿ ಗಣಕಗಳ ಗುಂಪು. ಆ ಬಿಡಿ ಗಣಕಗಳೇ ನೋಡ್‌ಗಳು. ಪ್ರತಿ ನೋಡ್‌ಗೂ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ. ಪಕ್ಕದ ನೋಡ್‌ನ ಮೆಮೊರಿಯಲ್ಲಿರುವ ಸಂಖ್ಯೆ ಬೇಕೆಂದರೆ ಅದು ಜಾಲದ ಮೂಲಕ ಸಂದೇಶವಾಗಿಯೇ ಬರಬೇಕು. ಈ ಕೊಡುಕೊಳ್ಳುವಿಕೆಗೆ 1994ರಲ್ಲಿ ಎಂಪಿಐ (ಮೆಸೇಜ್ ಪಾಸಿಂಗ್ ಇಂಟರ್‌ಫೇಸ್) ಎಂಬ ಮಾನಕ ಬಂತು. ಇಂದಿಗೂ ವಿಜ್ಞಾನದ ದೊಡ್ಡ ಲೆಕ್ಕಗಳಲ್ಲಿ ಬಹುಪಾಲು ನಡೆಯುವುದು ಅದರ ಮೇಲೆಯೇ. ಸಂದೇಶ ಬರುವವರೆಗೆ ಪ್ರೊಸೆಸರ್ ಎಷ್ಟೇ ವೇಗದ್ದಾದರೂ ಕೈಕಟ್ಟಿ ಕುಳಿತಿರುತ್ತದೆ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಜಾಲವನ್ನು ಮೊದಲು ಆರಿಸಿ, ಉಳಿದ ಹಣಕ್ಕೆ ಎಷ್ಟು ನೋಡ್ ಬರುತ್ತವೆಯೋ ಅಷ್ಟನ್ನು ಕೊಳ್ಳಿ. ಕೆಲವರಿಗಂತೂ ಜಾಲವೇ ಬೇಡ, ಅದನ್ನೂ ಹೇಳುತ್ತೇನೆ.

ಎರಡೇ ಸಂಖ್ಯೆಗಳ ಲೆಕ್ಕ

ಒಂದು ಸಂದೇಶ ತಲುಪಲು ಹಿಡಿಯುವ ಕಾಲದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ವಿಳಂಬ, ಸಂದೇಶ ಎಷ್ಟೇ ಚಿಕ್ಕದಿರಲಿ, ಇದು ಆಗಿಯೇ ತೀರುತ್ತದೆ. ಎರಡನೆಯದು ಸಂದೇಶದ ಗಾತ್ರವನ್ನು ಬ್ಯಾಂಡ್‌ವಿಡ್ತ್‌ನಿಂದ, ಅಂದರೆ ಜಾಲ ಸೆಕೆಂಡಿಗೆ ಸಾಗಿಸುವ ದತ್ತಾಂಶದ ಪ್ರಮಾಣದಿಂದ, ಭಾಗಿಸಿದಾಗ ಬರುವ ಕಾಲ. ಮಾರ್ಕೆಟ್ ಯಾರ್ಡ್‌ನಿಂದ ಟೆಂಪೊ ಹೊರಡಿಸಿದಂತೆ: ಒಂದು ಮೂಟೆ ಹಾಕಿದರೂ ಇಪ್ಪತ್ತು ಹಾಕಿದರೂ ಗಾಡಿ ಕರೆಸಿ ಚೀಟಿ ಬರೆಸುವ ಹೊತ್ತು ಅಷ್ಟೇ.

ಸಾಮಾನ್ಯ ಗಿಗಾಬಿಟ್ ಈಥರ್ನೆಟ್‌ನಲ್ಲಿ ಎಂಪಿಐ ಸಂದೇಶದ ವಿಳಂಬ 40 ಮೈಕ್ರೊಸೆಕೆಂಡ್ ಆಸುಪಾಸಿನಲ್ಲಿರುತ್ತದೆ, ಬ್ಯಾಂಡ್‌ವಿಡ್ತ್ ಸೆಕೆಂಡಿಗೆ ಸುಮಾರು 117 ಮೆಗಾಬೈಟ್. ಕ್ಲಸ್ಟರ್‌ಗಳಲ್ಲಿ ಬಳಸುವ ಇನ್ಫಿನಿಬ್ಯಾಂಡ್ ಎಂಬ ವೇಗದ ಜಾಲದ 100 ಗಿಗಾಬಿಟ್ ಬಗೆಯಲ್ಲಿ ವಿಳಂಬ ಒಂದರಿಂದ ಎರಡು ಮೈಕ್ರೊಸೆಕೆಂಡ್, ಬ್ಯಾಂಡ್‌ವಿಡ್ತ್ ಸುಮಾರು 12 ಗಿಗಾಬೈಟ್. ವಿಳಂಬವನ್ನು ಬ್ಯಾಂಡ್‌ವಿಡ್ತ್‌ನಿಂದ ಗುಣಿಸಿ ನೋಡಿ. ಗಿಗಾಬಿಟ್‌ಗೆ ಸುಮಾರು 4.7 ಕಿಲೋಬೈಟ್, ಇನ್ಫಿನಿಬ್ಯಾಂಡ್‌ಗೆ ಒಂದೂವರೆ ಮೈಕ್ರೊಸೆಕೆಂಡ್ ಹಿಡಿದರೆ ಸುಮಾರು 18 ಕಿಲೋಬೈಟ್ ಬರುತ್ತದೆ. ಈ ಗಾತ್ರದ ಸಂದೇಶ ಜಾಲದ ಅರ್ಧ ವೇಗವನ್ನಷ್ಟೇ ಮುಟ್ಟುತ್ತದೆ. ಅದಕ್ಕಿಂತ ಚಿಕ್ಕವು ಅಷ್ಟನ್ನೂ ಮುಟ್ಟುವುದಿಲ್ಲ.

ಕೊಳ್ಳುವವರಿಗೆ ಇದರಿಂದ ನೇರ ಪ್ರಯೋಜನವಿದೆ. ನಿಮ್ಮ ಸಂದೇಶಗಳು ಹೆಚ್ಚಾಗಿ ಒಂದೆರಡು ಕಿಲೋಬೈಟಿನವಾದರೆ 100ರಿಂದ 200ಕ್ಕೆ, 200ರಿಂದ 400 ಗಿಗಾಬಿಟ್‌ಗೆ ಏರಲು ಕೊಡುವ ಹಣ ಹೆಚ್ಚುಕಡಿಮೆ ನೀರಿಗೆ ಹಾಕಿದಂತೆಯೇ. ಬ್ಯಾಂಡ್‌ವಿಡ್ತ್ ಇಮ್ಮಡಿಯಾಗುತ್ತದೆ, ವಿಳಂಬ ಬಹುತೇಕ ಇದ್ದಲ್ಲೇ ಇರುತ್ತದೆ. ಮಾರಾಟಗಾರರ ಹಾಳೆಯಲ್ಲಿ ಗಿಗಾಬಿಟ್ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ. ವಿಳಂಬವನ್ನು ನೀವೇ ಕೇಳಿ ಬರೆಸಿಕೊಳ್ಳಬೇಕು.

ಗಾಳಿಯ ಹರಿವಿನ ಲೆಕ್ಕವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಪುಣೆಯ ವಾಹನ ಉದ್ಯಮದಲ್ಲಿ ಅತಿ ಹೆಚ್ಚು ಓಡುವ ಲೆಕ್ಕಗಳಲ್ಲಿ ಅದೂ ಒಂದು. ಒತ್ತಡದ ಸಮೀಕರಣವನ್ನು ಕಾಂಜುಗೇಟ್ ಗ್ರೇಡಿಯಂಟ್ ಎಂಬ, ಸುತ್ತು ಸುತ್ತಾಗಿ ಉತ್ತರದ ಹತ್ತಿರ ಹೋಗುವ ವಿಧಾನದಲ್ಲಿ ಬಿಡಿಸುವಾಗ ಪ್ರತಿ ಸುತ್ತಿಗೂ ಕನಿಷ್ಠ ಎರಡು ಸಲ ಎಲ್ಲ ನೋಡ್‌ಗಳ ಮೊತ್ತವನ್ನು ಕೂಡಿಸಿ ಎಲ್ಲರಿಗೂ ಹಂಚಬೇಕು. ಹೋಗುವುದು ಎಂಟೇ ಬೈಟ್. 16 ನೋಡ್‌ಗಳಿದ್ದರೆ ಇದಕ್ಕೆ ನಾಲ್ಕು ಹಂತ ಬೇಕು. ಗಿಗಾಬಿಟ್‌ನಲ್ಲಿ ಒಂದು ಮೊತ್ತಕ್ಕೆ 160 ಮೈಕ್ರೊಸೆಕೆಂಡ್, ಸುತ್ತಿಗೆ 320. ಇನ್ಫಿನಿಬ್ಯಾಂಡ್‌ನಲ್ಲಿ ಸುತ್ತಿಗೆ 12. ಒಂದು ಕಾಲಹೆಜ್ಜೆಗೆ 500 ಸುತ್ತು, ಒಟ್ಟು 10,000 ಕಾಲಹೆಜ್ಜೆ ಎಂದಿಟ್ಟುಕೊಂಡರೆ ಈ ಪುಟ್ಟ ಮೊತ್ತಗಳಿಗಾಗಿಯೇ ಒಂದರಲ್ಲಿ 1,600 ಸೆಕೆಂಡ್, ಇನ್ನೊಂದರಲ್ಲಿ 60 ಸೆಕೆಂಡ್ ಹೋಗುತ್ತದೆ. ನೋಡ್‌ಗಳನ್ನು ಹೆಚ್ಚಿಸಿದಷ್ಟೂ ಲೆಕ್ಕದ ಪಾಲು ಕುಗ್ಗುತ್ತದೆ, ಈ ಕಾಯುವಿಕೆ ಮಾತ್ರ ಬೆಳೆಯುತ್ತದೆ.

ದೊಡ್ಡ ಸಂದೇಶಗಳ ಕಥೆ ಬೇರೆ. ಗಾಳಿ ಹರಿಯುವ ಜಾಗವನ್ನು ಪುಟ್ಟ ಕೋಶಗಳಾಗಿ ಕತ್ತರಿಸಿ, ಒಂದು ನೋಡ್‌ಗೆ 300 ಗುಣಿಸು 300 ಗುಣಿಸು 300 ಕೋಶಗಳ ಘನ ಕೊಟ್ಟಿದ್ದೀರಿ, ಅದರ ಮುಖಗಳ ಸಂಖ್ಯೆಗಳು ಪಕ್ಕದ ನೋಡ್‌ಗಳಿಗೆ ಹೋಗಬೇಕು ಎನ್ನಿ. ಪ್ರತಿ ಮುಖದಲ್ಲಿ 90,000 ಕೋಶ, ಎಂಟು ಬೈಟ್‌ನಂತೆ 720 ಕಿಲೋಬೈಟ್. ಆರು ಮುಖಕ್ಕೆ 4.32 ಮೆಗಾಬೈಟ್. ಗಿಗಾಬಿಟ್‌ನಲ್ಲಿ ಇದನ್ನು ಕಳುಹಿಸಲು ಸುಮಾರು 37 ಮಿಲಿಸೆಕೆಂಡ್ ಬೇಕು, 100 ಗಿಗಾಬಿಟ್‌ನಲ್ಲಿ 0.36. ಅದೇ ಹೊತ್ತಿನಲ್ಲಿ ಆ ನೋಡ್ ಒಳಗೆ ಏನಾಗುತ್ತದೆ? ಎರಡು ಕೋಟಿ 70 ಲಕ್ಷ ಕೋಶಗಳನ್ನು ಒಮ್ಮೆ ಓದಿ ಬರೆಯಲು 432 ಮೆಗಾಬೈಟ್ ಮೆಮೊರಿ ಸಂಚಾರ. ಸೆಕೆಂಡಿಗೆ 100 ಗಿಗಾಬೈಟ್ ಕೊಡುವ ನೋಡ್‌ನಲ್ಲಿ 4.3 ಮಿಲಿಸೆಕೆಂಡ್. ಪ್ರತಿ ಕೋಶವೂ ಅಕ್ಕಪಕ್ಕದ ಕೋಶಗಳನ್ನಷ್ಟೇ ನೋಡುವ ಸರಳ ಸ್ಟೆನ್ಸಿಲ್ ಲೆಕ್ಕಕ್ಕೆ ಗಿಗಾಬಿಟ್ ಹಾಕಿದರೆ ಪ್ರೊಸೆಸರ್ ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಕಾಯುತ್ತಲೇ ಇರುತ್ತದೆ. ಕೋಶಕ್ಕೆ ನೂರಾರು ಪಟ್ಟು ಹೆಚ್ಚು ಗಣಿತ ಮಾಡುವ ರಾಸಾಯನಿಕ ಕ್ರಿಯೆಯ ಮಾದರಿಗಳಲ್ಲಿ ಇದೇ ಜಾಲ ನಡೆದೀತು.

ಒಂದೇ ದೊಡ್ಡ ಯಂತ್ರವೋ, ಹಲವು ಚಿಕ್ಕವೋ

ಇಂದಿನ ಎರಡು ಸಾಕೆಟ್‌ನ (ಎರಡು ಪ್ರೊಸೆಸರ್ ಕೂರುವ) ಸರ್ವರ್ ಒಂದರಲ್ಲೇ 192 ಕೋರ್‌ಗಳು, ಅಂದರೆ ಬೇರೆ ಬೇರೆಯಾಗಿ ಲೆಕ್ಕ ಮಾಡುವ ಘಟಕಗಳು, ಸಿಗುತ್ತವೆ. ಒಂದೇ ನೋಡ್‌ನೊಳಗೆ ಎರಡು ಎಂಪಿಐ ಪ್ರಕ್ರಿಯೆಗಳು ಮಾತಾಡುವಾಗ ವಿಳಂಬ ಸಾಮಾನ್ಯವಾಗಿ ಒಂದು ಮೈಕ್ರೊಸೆಕೆಂಡಿಗೂ ಕಡಿಮೆ. ಯಾವ ಜಾಲವೂ ಇದನ್ನು ಮೀರಿಸಲಾರದು. ಆದ್ದರಿಂದ ನಿಮ್ಮ ಇಡೀ ಸಮಸ್ಯೆ ಒಂದು ನೋಡ್‌ನ ಮೆಮೊರಿಯಲ್ಲಿ ಹಿಡಿಯುವುದಾದರೆ, ನಾಲ್ಕೈದು ಹಳೆಯ ಬಗೆಯ ಚಿಕ್ಕ ನೋಡ್‌ಗಳ ಬದಲಿಗೆ ಒಂದೇ ದೊಡ್ಡದನ್ನು ಕೊಳ್ಳಿ. ನೋಡ್‌ಗಳನ್ನು ಜೋಡಿಸುವ ಸ್ವಿಚ್ ಇಲ್ಲ, ಕೇಬಲ್ ಇಲ್ಲ, ನೋಡ್‌ಗಳ ನಡುವೆ ಲೈಬ್ರರಿಯ ಆವೃತ್ತಿ ಹೊಂದದೆ ರಾತ್ರಿಯೆಲ್ಲ ಕೂರುವ ಪಾಡಿಲ್ಲ. ಸಣ್ಣ ವಿನ್ಯಾಸ ಕಚೇರಿಗಳಿಗೆ ನಾನು ಹೇಳುವುದು ಬಹುತೇಕ ಇದನ್ನೇ.

ಆಗ ಕೋರ್‌ಗಳ ಎಣಿಕೆಗಿಂತ ಮೆಮೊರಿ ಚಾನೆಲ್‌ಗಳ (ಪ್ರೊಸೆಸರ್ ಮತ್ತು ಮೆಮೊರಿಯ ನಡುವಿನ ದಾರಿಗಳ) ಎಣಿಕೆ ಮುಖ್ಯವಾಗುತ್ತದೆ. ಡಿಡಿಆರ್5-4800 ಬಗೆಯ ಮೆಮೊರಿಯ ಒಂದು ಚಾನೆಲ್ ಸೆಕೆಂಡಿಗೆ 38.4 ಗಿಗಾಬೈಟ್ ಕೊಡುತ್ತದೆ. ಹನ್ನೆರಡು ಚಾನೆಲ್ ತುಂಬಿದರೆ ಒಂದು ಸಾಕೆಟ್‌ಗೆ 460.8. ಹಣ ಉಳಿಸಲು ಆರೇ ಮೆಮೊರಿ ಪಟ್ಟಿ ಹಾಕಿಸಿಕೊಂಡರೆ ಹರಿವಿನ ಲೆಕ್ಕದ ವೇಗವೂ ಅರ್ಧಕ್ಕೆ ಇಳಿಯುತ್ತದೆ. ಖರೀದಿ ಪತ್ರದಲ್ಲಿ ‘ಎಲ್ಲ ಚಾನೆಲ್‌ಗಳೂ ತುಂಬಿರಬೇಕು’ ಎಂದು ಬರೆಯುವುದನ್ನು ಎಂದೂ ಬಿಡಬೇಡಿ. ಗಣಿತದ ಭಾರವೇ ಹೆಚ್ಚಾಗಿ ಜಿಪಿಯು ಮೇಲೆ ಬೀಳುವ ಪ್ರೋಗ್ರಾಂ ಆದರೂ ವಿಚಾರ ಇದೇ: ಒಂದು ಪೆಟ್ಟಿಗೆಯೊಳಗಿನ ನಾಲ್ಕು ಜಿಪಿಯು, ಎರಡು ಪೆಟ್ಟಿಗೆಯಲ್ಲಿ ಎರಡೆರಡಾಗಿ ಇರುವುದಕ್ಕಿಂತ ವಾಸಿ.

ಗಣಕ ವಿನ್ಯಾಸಕಾರ ಜೀನ್ ಅಂಡಾಲ್ 1967ರಲ್ಲಿ ಹೇಳಿದ ಮಿತಿಯನ್ನೂ ಇಲ್ಲಿ ನೆನೆಯಬೇಕು. ಪ್ರೋಗ್ರಾಂನ ನೂರರಲ್ಲಿ ಐದು ಪಾಲು ಸಮಾಂತರವಾಗದಿದ್ದರೆ 64 ಕೋರ್‌ಗಳಲ್ಲಿ ಸಿಗುವುದು ಸುಮಾರು 15 ಪಟ್ಟು ವೇಗ, ಎಷ್ಟೇ ಕೋರ್ ಸುರಿದರೂ 20 ಪಟ್ಟನ್ನು ದಾಟದು. ಸಮಸ್ಯೆಯನ್ನೇ ಹಿಗ್ಗಿಸುತ್ತ ಹೋದರೆ ದೊಡ್ಡ ಯಂತ್ರಕ್ಕೆ ಕೆಲಸ ಸಿಗುತ್ತದೆ ಎಂದು 1988ರಲ್ಲಿ ಗುಸ್ಟಾಫ್ಸನ್ ತೋರಿಸಿದ್ದೂ ನಿಜ. ನೀವು ಯಾರ ಸಾಲಿನಲ್ಲಿದ್ದೀರಿ ಎಂಬುದು ನಿಮ್ಮ ಕೆಲಸದಿಂದಲೇ ಗೊತ್ತಾಗುತ್ತದೆ: ಅದೇ ಕೋಶಗಳ ಜಾಲರಿಯ ಲೆಕ್ಕ ಬೇಗ ಮುಗಿಯಬೇಕೋ, ಅಷ್ಟೇ ಹೊತ್ತಿನಲ್ಲಿ ಇನ್ನೂ ನುಣುಪಾದ ಜಾಲರಿ ಬೇಕೋ?

ಜಾಲಗಳ ನಡುವೆ ಆಯ್ಕೆ

ಗಿಗಾಬಿಟ್ ಈಥರ್ನೆಟ್ ಕಲಿಕೆಗೆ ಬಹಳ ಒಳ್ಳೆಯದು. ಎಂಪಿಐ ಪಾಠ ಹೇಳುವ ಕಾಲೇಜುಗಳು ಪ್ರಯೋಗಾಲಯದಲ್ಲಿರುವ ಗಣಕಗಳನ್ನೇ ಒಂದು ಸ್ವಿಚ್‌ಗೆ ಜೋಡಿಸಿ ಮಕ್ಕಳಿಗೆ ಕೊಡಲಿ. ವಿಳಂಬ ಹೆಚ್ಚಿರುವುದರಿಂದ ಕೆಟ್ಟದಾಗಿ ಬರೆದ ಪ್ರೋಗ್ರಾಂನ ದೋಷ ಕಣ್ಣಿಗೆ ರಾಚುತ್ತದೆ, ವಿದ್ಯಾರ್ಥಿ ಬೇಗ ಕಲಿಯುತ್ತಾನೆ. ಒಂದಕ್ಕೊಂದು ಸಂಬಂಧವಿಲ್ಲದ ಸಾವಿರಾರು ಓಟಗಳಿಗೂ ಇದು ಸಾಕು. ಬಿಗಿಯಾಗಿ ಹೆಣೆದ ಲೆಕ್ಕಕ್ಕೆ ಸಲ್ಲದು.

10 ಗಿಗಾಬಿಟ್ ಈಥರ್ನೆಟ್ ಮೇಲೆ ಇಂಟರ್ನೆಟ್ಟಿನ ಸಾಮಾನ್ಯ ಸಂಪರ್ಕ ವಿಧಾನವಾದ ಟಿಸಿಪಿ ಓಡಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೋಸದ ಆಯ್ಕೆ. ಬ್ಯಾಂಡ್‌ವಿಡ್ತ್ ಹತ್ತು ಪಟ್ಟು ಏರಿದ ಸಂತೋಷದಲ್ಲಿ ವಿಳಂಬ ಇನ್ನೂ ಹತ್ತಿಪ್ಪತ್ತು ಮೈಕ್ರೊಸೆಕೆಂಡ್ ಇದೆಯೆಂಬುದು ಮರೆತುಹೋಗುತ್ತದೆ. ಆ ವಿಳಂಬದ ದೊಡ್ಡ ಪಾಲು ತಂತಿಯಲ್ಲಿಲ್ಲ, ಆಪರೇಟಿಂಗ್ ಸಿಸ್ಟಂನ ಒಳಗಿನ ನಕಲುಗಳಲ್ಲಿದೆ. ಇನ್ಫಿನಿಬ್ಯಾಂಡ್ ಕಾರ್ಡ್ ಆ ದಾರಿಯನ್ನೇ ಬಿಟ್ಟು, ಒಂದು ನೋಡ್‌ನ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ದತ್ತಾಂಶವನ್ನು ನೇರ ಸಾಗಿಸುತ್ತದೆ. ಇದೇ ಉಪಾಯವನ್ನು ಈಥರ್ನೆಟ್ ಮೇಲೆ ಮಾಡುವುದು ರೋಸಿ (RoCE) ಎಂಬ ವಿಧಾನ. 25 ಅಥವಾ 100 ಗಿಗಾಬಿಟ್ ಕಾರ್ಡ್‌ಗಳಲ್ಲಿ ಸಿಗುತ್ತದೆ, ವಿಳಂಬವೂ ಕೆಲವೇ ಮೈಕ್ರೊಸೆಕೆಂಡಿಗೆ ಇಳಿಯುತ್ತದೆ. ಆದರೆ ಪೊಟ್ಟಣಗಳು ಕಳೆದುಹೋಗದಂತೆ ಸ್ವಿಚ್‌ನಲ್ಲಿ ಹರಿವಿನ ನಿಯಂತ್ರಣವನ್ನು ಜಾಗರೂಕತೆಯಿಂದ ಹೊಂದಿಸಬೇಕು. ಜಾಲದ ಕೆಲಸ ಚೆನ್ನಾಗಿ ಬಲ್ಲವರು ಕಚೇರಿಯಲ್ಲೇ ಇದ್ದರೆ ರೋಸಿ ಆರಿಸಿ. ಇಲ್ಲದಿದ್ದರೆ ಇನ್ಫಿನಿಬ್ಯಾಂಡ್ ನೆಮ್ಮದಿ, ಏಕೆಂದರೆ ನಷ್ಟವಾಗದಂತೆ ನೋಡಿಕೊಳ್ಳುವ ಏರ್ಪಾಡು ಅದರ ಮೂಲ ವಿನ್ಯಾಸದಲ್ಲೇ ಇದೆ.

ಎರಡೇ ನೋಡ್‌ಗಳಿದ್ದರೆ ಇನ್ಫಿನಿಬ್ಯಾಂಡ್‌ಗೆ ಸ್ವಿಚ್ ಕೂಡ ಬೇಡ. ಎರಡು ಕಾರ್ಡ್, ನಡುವೆ ಒಂದು ತಾಮ್ರದ ಕೇಬಲ್, ಒಂದು ನೋಡ್‌ನಲ್ಲಿ ಓಪನ್‌ಎಸ್‌ಎಂ ಎಂಬ ಸಬ್‌ನೆಟ್ ವ್ಯವಸ್ಥಾಪಕ ತಂತ್ರಾಂಶ ಓಡುತ್ತಿದ್ದರೆ ಆಯಿತು. ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಜೋಡಣೆ ಇನ್ನೊಂದಿಲ್ಲ. ಆದರೂ ಎಷ್ಟೋ ಪ್ರಯೋಗಾಲಯಗಳಿಗೆ ಇದು ಗೊತ್ತಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಬಳಸಿದ ಹಳೆಯ ಕಾರ್ಡ್‌ಗಳೂ ಅಗ್ಗಕ್ಕೆ ಸಿಗುತ್ತವೆ. ಅವುಗಳಲ್ಲಿ 56 ಗಿಗಾಬಿಟ್‌ನ ಕನೆಕ್ಟ್‌ಎಕ್ಸ್-3 ಎಂಬ ಕಾರ್ಡ್ ತಲೆಮಾರಿಗೆ ತಯಾರಕರ ಹೊಸ ಚಾಲಕ ತಂತ್ರಾಂಶದಲ್ಲಿ ಬೆಂಬಲ ನಿಂತಿದೆ. ಅದರ ಮುಂದಿನ ತಲೆಮಾರಿನಿಂದ ಶುರುಮಾಡಿ.

ಜೋಡಣೆಯ ಆಕಾರ

ಈ ನಗರದಲ್ಲಿ ಈ ವಿಷಯಕ್ಕೆ ಒಂದು ಇತಿಹಾಸವೇ ಇದೆ. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆ ಹುಟ್ಟಿತು, 1991ರಲ್ಲಿ ಅದರ ಪರಮ್ 8000 ಸೂಪರ್‌ಕಂಪ್ಯೂಟರ್ ಹೊರಬಂತು. ಆ ಯಂತ್ರದ ಜೀವಾಳ ಇನ್ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್ ಚಿಪ್ಪು. ಒಂದೊಂದು ಚಿಪ್ಪಿನೊಳಗೂ ನಾಲ್ಕು ಸಂದೇಶ ಕೊಂಡಿಗಳು, ಪ್ರತಿಯೊಂದರ ವೇಗ ಸೆಕೆಂಡಿಗೆ 20 ಮೆಗಾಬಿಟ್. ಲೆಕ್ಕ ಮಾಡುವುದು, ಮಾತಾಡುವುದು ಎರಡೂ ಸಮಾನ ಎಂಬ ವಿಚಾರವನ್ನು ಸಿಲಿಕಾನ್‌ನಲ್ಲೇ ಕೆತ್ತಿದ ಆ ವಿನ್ಯಾಸವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ನಮ್ಮ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ 1986ರಲ್ಲೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ಕಟ್ಟಿತ್ತು, ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ಅನುಪಮ್ ಸರಣಿಯನ್ನು ಕಟ್ಟಿತು. 2007ರ ನವೆಂಬರ್‌ನಲ್ಲಿ ಪುಣೆಯ ಏಕಾ ಗಣಕ ಜಗತ್ತಿನ ಅತಿ ವೇಗದ ಗಣಕಗಳ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿದಾಗ ಅದರ ನೋಡ್‌ಗಳನ್ನು ಬೆಸೆದಿದ್ದು ಇನ್ಫಿನಿಬ್ಯಾಂಡ್.

ನಾಲ್ಕು ಕೊಂಡಿಗಳ ಕಾಲದಲ್ಲಿ ನೋಡ್‌ಗಳನ್ನು ಜೋಡಿಸುವ ಆಕಾರ ಚೌಕಜಾಲವೋ, ಹೈಪರ್‌ಕ್ಯೂಬೋ ಎಂಬ ಚರ್ಚೆಗೆ ಅರ್ಥವಿತ್ತು. ಸಂದೇಶ ಎಷ್ಟು ನೋಡ್‌ಗಳನ್ನು ಹಾಯುತ್ತದೆ ಎಂಬುದರ ಮೇಲೆ ಕಾಲ ನಿಂತಿತ್ತು. ಇಂದು 36 ಅಥವಾ 40 ಕೊಂಡಿಗಳ ಒಂದೇ ಸ್ವಿಚ್ ಸಿಗುತ್ತದೆ. ನಿಮ್ಮ ನೋಡ್‌ಗಳು ಅದರೊಳಗೆ ಮುಗಿಯುವುದಾದರೆ ಆಕಾರದ ಬಗ್ಗೆ ಒಂದು ನಿಮಿಷವೂ ಯೋಚಿಸಬೇಡಿ. ಅದಕ್ಕಿಂತ ದೊಡ್ಡದಾದರೆ ಎರಡು ಹಂತದ ಫ್ಯಾಟ್ ಟ್ರೀ ಸಾಕು: ಕೆಳಹಂತದ ಸ್ವಿಚ್‌ಗಳಿಗೆ ನೋಡ್‌ಗಳು, ಆ ಸ್ವಿಚ್‌ಗಳನ್ನು ಬೆಸೆಯಲು ಮೇಲೆ ಇನ್ನೊಂದು ಹಂತದ ಸ್ವಿಚ್‌ಗಳು. ಕೇಳಬೇಕಾದ ಪ್ರಶ್ನೆ ಒಂದೇ: ಮೇಲಿನ ಹಂತಕ್ಕೆ ಕೆಳಗಿನಷ್ಟೇ ಕೇಬಲ್ ಎಳೆಯಬೇಕೋ, ಅರ್ಧ ಸಾಕೋ? ದೊಡ್ಡ ಸಂದೇಶಗಳನ್ನು ನೆರೆಹೊರೆಗಷ್ಟೇ ಕಳುಹಿಸುವ ಹರಿವಿನ ಲೆಕ್ಕಕ್ಕೆ ಅರ್ಧ ಸಾಕು. ಎಲ್ಲರೂ ಎಲ್ಲರಿಗೂ ಕಳುಹಿಸುವ ಕೆಲಸಕ್ಕೆ ಸಾಲದು. ಫೂರಿಯೇ ಪರಿವರ್ತನೆ (ಸಂಕೇತವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಇರುವ ಪ್ರೋಗ್ರಾಂಗಳು ಹೆಚ್ಚಾಗಿ ಈ ಎರಡನೆಯ ಗುಂಪಿನವು: ಅಣುಗಳ ಚಲನೆಯ ಲೆಕ್ಕದಲ್ಲಿ ದೂರದ ವಿದ್ಯುತ್ ಬಲದ ಭಾಗ, ಸ್ಪೆಕ್ಟ್ರಲ್ ಹವಾಮಾನ ಮಾದರಿ, ಜೊತೆಗೆ ನಾರಾಯಣಗಾಂವ್ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಂಥವುಗಳ ಸಂಕೇತ ಸಂಸ್ಕರಣೆ. ಅಲ್ಲಿನ 30 ಆಂಟೆನಾಗಳನ್ನು ಜೋಡಿ ಜೋಡಿಯಾಗಿ ಗುಣಿಸಿದರೆ 435 ಜೋಡಿ. ಆಂಟೆನಾವಾರು ಬಂದ ದತ್ತಾಂಶವನ್ನು ಆವರ್ತನವಾರು ಮರುಹಂಚಬೇಕಾದಾಗ ಪ್ರತಿ ನೋಡ್‌ನ ಪಾಲು ಉಳಿದೆಲ್ಲ ನೋಡ್‌ಗಳಿಗೂ ಹೋಗಬೇಕಾಗುತ್ತದೆ.

ಡ್ರ್ಯಾಗನ್‌ಫ್ಲೈ ಮುಂತಾದ ಜೋಡಣೆಯ ಆಕಾರಗಳು ಸಾವಿರಾರು ನೋಡ್‌ಗಳವರ ಚಿಂತೆ. ಪಾಷಾಣ್‌ನ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 2018ರಲ್ಲಿ ಬಂದ ಪ್ರತ್ಯೂಷ್ ಗಣಕ ಆ ಬಗೆಯದು.

ಎಂಪಿಐ ಲೈಬ್ರರಿ

ಎಂಪಿಐ ಮಾನಕದಂತೆ ಸಂದೇಶ ಸಾಗಿಸುವ ಸಿದ್ಧ ತಂತ್ರಾಂಶವೇ ಎಂಪಿಐ ಲೈಬ್ರರಿ. ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಎಂಪಿಚ್, ಓಪನ್ ಎಂಪಿಐ, ಎಂವಾಪಿಚ್, ಇಂಟೆಲ್ ಎಂಪಿಐ ಎಲ್ಲವೂ ಪಳಗಿದವು. ಎಂಪಿಚ್ ಮೂಲದವು ಪರಸ್ಪರ ಬದಲಾಯಿಸಿಕೊಳ್ಳುವಷ್ಟು ಹೊಂದಿಕೆಯಾಗುತ್ತವೆ. ಓಪನ್ ಎಂಪಿಐಗೆ ಬದಲಿಸಬೇಕಾದರೆ ಪ್ರೋಗ್ರಾಂ ಅನ್ನು ಮತ್ತೆ ಕಂಪೈಲ್ ಮಾಡಬೇಕಾಗಿ ಬರುತ್ತಿತ್ತು. 2025ರ ಎಂಪಿಐ 5.0 ಮಾನಕ ಈ ತೊಡಕನ್ನು ಬಿಡಿಸಲೆಂದೇ ಎಲ್ಲರಿಗೂ ಒಂದೇ ಬೈನರಿ ಒಪ್ಪಂದವನ್ನು ತಂದಿದೆ. ಕೊಂಡ ತಂತ್ರಾಂಶ ಯಾವುದರ ಜೊತೆ ಬರುತ್ತದೆಯೋ ಅದನ್ನೇ ಬಳಸಿ. ನಿಜವಾದ ವ್ಯತ್ಯಾಸ ಇರುವುದು ಪ್ರಕ್ರಿಯೆಗಳನ್ನು ಕೋರ್‌ಗಳಿಗೆ ಕಟ್ಟಿಹಾಕುವುದರಲ್ಲಿ. ಕಟ್ಟದೆ ಬಿಟ್ಟರೆ ಅವು ಒಂದು ಸಾಕೆಟ್‌ನಿಂದ ಇನ್ನೊಂದಕ್ಕೆ ಅಲೆದು ದೂರದ ಮೆಮೊರಿ ಓದುತ್ತವೆ. ಜಾಲ ನಿಧಾನವೆಂದು ದೂರುವ ಮೊದಲು ಇದನ್ನು ಪರೀಕ್ಷಿಸಿ.

ಸ್ವಂತದ್ದೋ, ಸರ್ಕಾರದ್ದೋ, ಬಾಡಿಗೆಯದೋ

ಸ್ವಂತ ಯಂತ್ರವೆಂದರೆ ಬೆಲೆಯ ಜೊತೆ ವಿದ್ಯುತ್ತು, ತಂಪು, ನೋಡಿಕೊಳ್ಳುವ ಮನುಷ್ಯ. 800 ವಾಟ್‌ನ ನಾಲ್ಕು ನೋಡ್‌ಗಳು ಹಗಲಿರುಳು ಓಡಿದರೆ ತಿಂಗಳಿಗೆ ಸುಮಾರು 2,300 ಯೂನಿಟ್, ತಂಪಿನ ಖರ್ಚು ಸೇರಿಸಿದರೆ 3,000 ಹತ್ತಿರ. ಅವು ಹೊರಸೂಸುವ 3.2 ಕಿಲೋವಾಟ್ ಶಾಖವನ್ನು ಒಂದು ಟನ್ನಿನ ಏಸಿ ಕಾಗದದ ಲೆಕ್ಕದಲ್ಲಿ ಮಾತ್ರ ತಾಳುತ್ತದೆ. ಏಪ್ರಿಲ್‌ನ ಪುಣೆಯಲ್ಲಿ ಒಂದೂವರೆ ಟನ್ನಿನ ಎರಡು ಬೇಕು, ಒಂದು ಕೆಟ್ಟಾಗ ಇನ್ನೊಂದು ಓಡಬೇಕು. ವರ್ಷದ ಬಹುಪಾಲು ದಿನ ಯಂತ್ರಕ್ಕೆ ಕೆಲಸವಿದೆಯೆಂದು ಖಾತ್ರಿಯಿದ್ದರೆ ಮಾತ್ರ ಇದು ತೂಗುತ್ತದೆ.

ಸಂಶೋಧನೆಯಲ್ಲಿರುವವರು ಮೊದಲು ರಾಷ್ಟ್ರೀಯ ಯಂತ್ರಗಳ ಬಾಗಿಲು ತಟ್ಟಲಿ. 2015ರಲ್ಲಿ ಶುರುವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅನ್ನು ಜಾರಿಗೆ ತಂದಿದ್ದು ಪುಣೆಯ ಸಿ-ಡ್ಯಾಕ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಪುಣೆಯ ವಿಜ್ಞಾನ ಶಿಕ್ಷಣ ಸಂಸ್ಥೆ ಐಸರ್‌ನಲ್ಲಿ ಪರಮ್ ಬ್ರಹ್ಮ, ಬೆಂಗಳೂರಿನಲ್ಲಿ ಪರಮ್ ಪ್ರವೇಗ ಎಂಬ ಯಂತ್ರಗಳಿವೆ. ಸರದಿಯಲ್ಲಿ ಕಾಯಬೇಕು, ಓಟಕ್ಕೆ ಕಾಲಮಿತಿಯಿರುತ್ತದೆ. ಆದ್ದರಿಂದ ನಿಮ್ಮ ಪ್ರೋಗ್ರಾಂ ನಡುವೆ ನಿಂತು ಮತ್ತೆ ಅಲ್ಲಿಂದಲೇ ಮುಂದುವರಿಯುವಂತಿರಬೇಕು. ಅಲ್ಲಿ ಕೆಲಸ ಮಾಡಿದವರಿಗೆ ತಮ್ಮ ಪ್ರೋಗ್ರಾಂ ಎಷ್ಟು ನೋಡ್‌ವರೆಗೆ ಹಿಗ್ಗುತ್ತದೆ ಎಂಬುದೂ ತಿಳಿಯುತ್ತದೆ, ಮುಂದೆ ಸ್ವಂತದ್ದು ಕೊಳ್ಳುವಾಗ ಅದೇ ಆಧಾರ.

ವರ್ಷಕ್ಕೆ ನಾಲ್ಕಾರು ಸಲ, ಒಂದೊಂದು ವಾರ ಮಾತ್ರ ಹೊರೆ ಬೀಳುವ ಕಂಪನಿಗಳಿಗೆ ಬಾಡಿಗೆಯ ಕ್ಲೌಡ್ ಸರಿ. ಅಮೆಜಾನಿನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಮುಂಬೈ ವಲಯ 2016ರಿಂದ ಇದೆ, ಮೈಕ್ರೊಸಾಫ್ಟಿನ ಅಜ್ಯೂರ್‌ನ ಸೆಂಟ್ರಲ್ ಇಂಡಿಯಾ ವಲಯ ಇರುವುದು ಪುಣೆಯಲ್ಲೇ. ಹತ್ತಿರವಿದೆ ಎಂಬುದಷ್ಟರಿಂದ ಸಂದೇಶ ಬೇಗ ಹೋಗುವುದಿಲ್ಲ; ಕಡಿಮೆ ವಿಳಂಬದ ಜಾಲವುಳ್ಳ ಬಗೆಯ ಯಂತ್ರ ಆ ವಲಯದಲ್ಲಿ ನಿಮಗೆ ಬೇಕಾದಷ್ಟು ಸಿಗುತ್ತದೆಯೇ, ಎಲ್ಲವನ್ನೂ ಒಂದೇ ಗುಂಪಿನಲ್ಲಿ ಹತ್ತಿರ ಇರಿಸಿಕೊಡುತ್ತಾರೆಯೇ ಎಂದು ಮೊದಲೇ ವಿಚಾರಿಸಿ. ಫಲಿತಾಂಶದ ಟೆರಾಬೈಟ್‌ಗಳನ್ನು ಹೊರಗೆ ಇಳಿಸಿಕೊಳ್ಳಲು ಬೇರೆ ಶುಲ್ಕವಿದೆ. ಚಿತ್ರಗಳನ್ನು ಅಲ್ಲೇ ತಯಾರಿಸಿ ಅವನ್ನಷ್ಟೇ ತನ್ನಿ.

ಸ್ವಂತ ಕ್ಲಸ್ಟರ್ ಎಂದೇ ತೀರ್ಮಾನವಾದರೆ ಟೆಂಡರ್‌ನಲ್ಲಿ ಲಿನ್‌ಪ್ಯಾಕ್ ಎಂಬ ವೇಗ ಪರೀಕ್ಷೆಯ ಅಂಕವನ್ನೊಂದೇ ಕೇಳಬೇಡಿ. ಅದು ಪ್ರೊಸೆಸರ್‌ನ ಗುಣಾಕಾರ ಶಕ್ತಿಯನ್ನು ಹೊಗಳುತ್ತದೆ, ಜಾಲದ ಮತ್ತು ಮೆಮೊರಿಯ ಬಡತನವನ್ನು ಮುಚ್ಚಿಡುತ್ತದೆ. ಅದರ ಜೊತೆಗೆ ಕಾಂಜುಗೇಟ್ ಗ್ರೇಡಿಯಂಟ್ ಲೆಕ್ಕವನ್ನೇ ಓಡಿಸಿ ಅಳೆಯುವ ಎಚ್‌ಪಿಸಿಜಿ ಅಂಕ, ಮೆಮೊರಿಗೆ ಸ್ಟ್ರೀಮ್ ಪರೀಕ್ಷೆ, ಯಾವ ಎರಡು ನೋಡ್‌ಗಳ ನಡುವೆಯಾದರೂ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಒಎಸ್‌ಯು ಪರೀಕ್ಷೆಗಳಲ್ಲಿ ಎಂಟು ಬೈಟ್‌ನ ವಿಳಂಬ, ಒಂದು ಮೆಗಾಬೈಟ್‌ನ ಬ್ಯಾಂಡ್‌ವಿಡ್ತ್, ಎಲ್ಲ ನೋಡ್‌ಗಳೂ ಸೇರಿದ ಮೊತ್ತದ ಕಾಲ, ಇಷ್ಟನ್ನು ಸಂಖ್ಯೆಯ ಮಿತಿಯೊಡನೆ ಬರೆಯಿರಿ. ಎಲ್ಲಕ್ಕಿಂತ ಮೇಲೆ ನಿಮ್ಮದೇ ಪ್ರೋಗ್ರಾಂ, ನಿಮ್ಮದೇ ಜಾಲರಿ ಕೊಟ್ಟು 1, 2, 4, 8 ನೋಡ್‌ಗಳಲ್ಲಿ ಓಡಿಸಿ ತೋರಿಸಲು ಹೇಳಿ. ಪೂರ್ತಿ ಹಣ ಕೊಡುವುದು ಆ ಸಂಖ್ಯೆಗಳು ನಿಮ್ಮ ಕೊಠಡಿಯಲ್ಲಿ, ನಿಮ್ಮ ಕಣ್ಣೆದುರು ಬಂದ ಮೇಲೆ.